ಮೂರನೇ ಮಹಡಿಯ ಅತ್ತಿಗೆ

ಅತ್ತಿಗೆಗೆ ಲಿಫ್ಟ್ ಬಹಳ ಹಿಡಿಸಿತು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು, ನೆಲ ಮೇಲಕ್ಕೇರಿತು, ಎದುರಿನ ಕನ್ನಡಿಯಲ್ಲಿ ಕಿವಿ ಇಳಿಬಿಟ್ಟ ಇನ್ನೊಂದು ಮೇಕೆ ಕಾಣಿಸಿತು. ಅದನ್ನು ಮಾತಾಡಿಸುವುದಕ್ಕೆಂದು ಅತ್ತಿಗೆ ಮುಂಗಾಲೆರಡನ್ನೂ ಕನ್ನಡಿಗೆ ಊರಿ ನಿಂತಿತು.

"ಇಳಿಸಿ ಡಾಕ್ಟ್ರಮ್ಮಾ, ಗಾಜು ಒಡೆದೀತು," ಎಂದ ದೋಣಿಯವ.

"ನೀನೇ ಇಳಿಸು. ಅತ್ತಿಗೆ ಅಂತ ಹೆಸರಿಟ್ಟೋನು ನೀನು ತಾನೆ?" ಎಂದಳು ಸೂಜಿ.

ಸೂಜಿ ವನ್ಯಜೀವಿ ಕಚೇರಿಯ ಪಶುವೈದ್ಯೆ. ಚಿಕ್ಕಂದಿನಲ್ಲಿ ಕಡ್ಡಿಯಂತೆ ಉದ್ದಕ್ಕಿದ್ದಳೆಂದು ಮನೆಯವರು ಇಟ್ಟ ಅಡ್ಡಹೆಸರು. ದಿನಬೆಳಗಾದರೆ ಯಾವುದಾದರೂ ಪ್ರಾಣಿಗೆ ಚುಚ್ಚುವುದೇ ಉದ್ಯೋಗವಾದ ಮೇಲೆ ಅದು ಬಿಟ್ಟುಹೋಗುವ ಆಸೆ ಉಳಿಯಲಿಲ್ಲ.

ಮೊದಲನೇ ಮಹಡಿಯಲ್ಲಿ ಲಿಫ್ಟ್ ನಿಂತಿತು. ಕಟ್ಟಡದ ಸಂಘದ ಕಾರ್ಯದರ್ಶಿ ಪತ್ರಿಕೆ ಹಿಡಿದು ಒಳಬಂದರು. ಮೇಕೆಯನ್ನು ನೋಡಿದರು. ಆಮೇಲೆ ತಾವೇ ಬರೆಸಿ ಹಾಕಿಸಿದ್ದ ಫಲಕವನ್ನು ನೋಡಿದರು. 'ಲಿಫ್ಟಿನಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ' ಎಂದಿತ್ತು. ಅದನ್ನು ಇನ್ನೊಮ್ಮೆ ಓದಿದರು.

"ಇದು..." ಎಂದರು.

"ನಾಯಿ ಅಲ್ಲ ಸಾರ್," ಎಂದ ದೋಣಿಯವ.

"ಅದು ಕಾಣಿಸ್ತಾ ಇದೆ. ಎಷ್ಟು ದಿನ ಇರ್ತಾರೆ?"

ಮೇಕೆಗೆ ಬಹುವಚನ ಕೊಟ್ಟುಬಿಟ್ಟೆನಲ್ಲ ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಎರಡನೇ ಮಹಡಿ ಬಂತು. ಇಳಿದು ಹೋದರು. ಪತ್ರಿಕೆಯ ಸಂಪಾದಕೀಯ ಪುಟ ಅತ್ತಿಗೆಯ ಬಾಯಲ್ಲೇ ಉಳಿಯಿತು.

ಅತ್ತಿಗೆ ಸರ್ಕಾರಿ ಕೆಲಸದಲ್ಲಿದ್ದ ಮೇಕೆ. ಬಂದರಿನಿಂದ ದೋಣಿಯಲ್ಲಿ ಒಂದು ತಾಸಿನ ದಾರಿಗೆ ಜನವಸತಿಯಿಲ್ಲದ ಒಂದು ದ್ವೀಪವಿದೆ. ಪೊದೆಗಳ ಬೇರಿನ ಕೆಳಗೆ ಬಿಲ ತೋಡಿ, ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಕಡಲಹಕ್ಕಿಯೊಂದು ಅಲ್ಲಿ ಬಿಟ್ಟರೆ ಬೇರೆಲ್ಲೂ ಮರಿ ಮಾಡುವುದಿಲ್ಲ. ಬಿಲಹಕ್ಕಿ ಎಂದು ಬಂದರಿನವರು ಕರೆಯುತ್ತಾರೆ. ಎಷ್ಟೋ ತಲೆಮಾರಿನ ಹಿಂದೆ ಯಾವುದೋ ಹಡಗಿನವರು, ಮುಂದೆಂದಾದರೂ ಹಸಿವಾದರೆ ಇರಲಿ ಎಂದು, ಒಂದಷ್ಟು ಮೇಕೆಗಳನ್ನು ಅಲ್ಲಿ ಬಿಟ್ಟುಹೋದರು. ಹಡಗಿನವರಿಗೆ ಹಸಿವಾಗಲಿಲ್ಲ, ಮೇಕೆಗಳಿಗೆ ಆಯಿತು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಆ ದ್ವೀಪದ ಮಟ್ಟಿಗೆ ಗಾದೆಯಲ್ಲ, ವರದಿ. ಪೊದೆ ಹೋಯಿತು, ಮಣ್ಣು ಜಾರಿತು, ಬಿಲಗಳು ಕುಸಿದವು. ಹಕ್ಕಿಗಳು ಕೆಲವೇ ನೂರು ಜೋಡಿಗೆ ಇಳಿದಾಗ ಕಚೇರಿ ಒಂದು ತೀರ್ಮಾನಕ್ಕೆ ಬಂತು: ದ್ವೀಪದಲ್ಲಿ ಒಂದೂ ಮೇಕೆ ಇರಕೂಡದು.

ಬಂದೂಕು ಹಿಡಿಯಲು ನೇಮಕವಾದವನು ಸೂಜಿಯ ಸೋದರಮಾವ. ಅರಣ್ಯ ಇಲಾಖೆಯಿಂದ ನಿವೃತ್ತನಾದವನು, ದಪ್ಪ ಕನ್ನಡಕದವನು, ಒಂದು ಪ್ರಾಣಿಗೆ ಒಂದು ಗುಂಡಿಗಿಂತ ಹೆಚ್ಚು ಖರ್ಚು ಮಾಡಿದರೆ ಆ ದಿನ ಊಟ ರುಚಿಸದವನು. ಮೊದಮೊದಲು ಮೇಕೆಗಳು ಹಿಂಡುಹಿಂಡಾಗಿ ಸಿಕ್ಕವು. ಆಮೇಲೆ ಉಳಿದವು ಬುದ್ಧಿ ಕಲಿತು ಬಂಡೆಗಳ ಸಂದಿ ಸೇರಿಕೊಂಡವು. ಆಗ ಅತ್ತಿಗೆಯ ನೇಮಕವಾಯಿತು.

ಮೇಕೆಗೆ ಒಂಟಿತನ ಆಗಿಬರುವುದಿಲ್ಲ. ಕಚೇರಿಯ ಹಿತ್ತಲಲ್ಲಿ ಸೂಜಿ ಬಾಟಲಿ ಹಾಲು ಕುಡಿಸಿ ಸಾಕಿದ ಈ ಹೆಣ್ಣು ಮೇಕೆಯ ಕೊರಳಿಗೆ ಸಿಗ್ನಲ್ ಕೊಡುವ ಪಟ್ಟಿ ಕಟ್ಟಿ ದ್ವೀಪದಲ್ಲಿ ಬಿಟ್ಟರು. ಅದು ತನ್ನವರನ್ನು ಹುಡುಕಿಕೊಂಡು ಹೋಯಿತು. ಸಿಗ್ನಲ್ಲಿನ ಜಾಡು ಹಿಡಿದು ಮಾವ ಹಿಂದೆ ಹೋದ. ಅತ್ತಿಗೆಯೊಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಹೊಡೆದ. ಮತ್ತೆ ಒಂಟಿಯಾದ ಅತ್ತಿಗೆ ಮತ್ತೊಂದು ಗುಂಪು ಹುಡುಕಿತು. ದೋಣಿಯವನ ಸ್ವಂತ ಅತ್ತಿಗೆಯೊಬ್ಬಳಿದ್ದಳು. ನೆಂಟರು ಎಲ್ಲಿ ಸೇರಿದರೂ ಕರೆಯದೆ ಅರ್ಧ ತಾಸಿನಲ್ಲಿ ಹಾಜರಾಗುತ್ತಿದ್ದಳು, ಆಮೇಲೆ ಆ ಮನೆಗೆ ನೆಮ್ಮದಿಯಿರುತ್ತಿರಲಿಲ್ಲ. ಹೆಸರು ಅಲ್ಲಿಂದ ಬಂತು. ವೈರ್‌ಲೆಸ್ಸಿನಲ್ಲಿ ಮಾತು ಹೀಗೆ ನಡೆಯುತ್ತಿತ್ತು:

"ಅತ್ತಿಗೆ ಉತ್ತರದ ಬಂಡೆ ಮೇಲಿದ್ದಾರೆ."

"ಜೊತೇಲಿ ಯಾರಾದ್ರೂ ಇದ್ದಾರಾ?"

"ಆರು ಜನ ಇದ್ದಾರೆ."

ಹೀಗೆ ನಾನೂರಕ್ಕೂ ಹೆಚ್ಚು ಮೇಕೆಗಳು ಮುಗಿದವು. ಮಳೆಗಾಲಕ್ಕೆ ಮುಂಚೆ ಕೊನೆಯ ಹೋತ ಬಿತ್ತು. ಅಲ್ಲಿಂದೀಚೆಗೆ ಅರ್ಧ ವರ್ಷಕ್ಕೂ ಮೇಲೆ ಅತ್ತಿಗೆಯ ಪಕ್ಕದಲ್ಲಿ ಯಾರೂ ಕಾಣಿಸಲಿಲ್ಲ. ನಾಳೆ ಹಿರಿಯ ಅಧಿಕಾರಿ ಬಂದು ದ್ವೀಪ ನೋಡಿ ಒಪ್ಪಿಗೆ ಕೊಡುವುದಿತ್ತು. ಪಟ್ಟಿ ಕಟ್ಟಿದ ಮೇಕೆಯನ್ನೂ ಕೊನೆಗೆ ಅಲ್ಲೇ ಮುಗಿಸಬೇಕೆಂಬುದು ಕೆಲಸದ ನಿಯಮ. ಅದಕ್ಕೆಂದು ಇವತ್ತು ಊಟವಾದ ಮೇಲೆ ಮಾವ ಹೊರಡುವವನಿದ್ದ.

ಬೆಳಿಗ್ಗೆಯೇ ಸೂಜಿ, ಪಟ್ಟಿಯ ಬ್ಯಾಟರಿ ಬದಲಿಸಬೇಕು ಎಂದು ಕಚೇರಿಯಲ್ಲಿ ಹೇಳಿ ದೋಣಿ ಹತ್ತಿದ್ದಳು. ಬಿಸ್ಕತ್ತಿನ ತಗಡಿನ ಡಬ್ಬಿ ಅಲ್ಲಾಡಿಸಿದ ಕೂಡಲೇ ಅತ್ತಿಗೆ ಗುಡ್ಡ ಇಳಿದು ಬಂದು ತಾನೇ ದೋಣಿಗೆ ಹಾರಿ ಕುಳಿತಿತ್ತು. ಸೂಜಿಯ ಯೋಜನೆ ಇದ್ದುದು ಮೂರನೇ ಮಹಡಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಏನು ಎಂದು ಅವಳು ಯೋಚಿಸಿರಲಿಲ್ಲ.

ಬಾಗಿಲು ತೆಗೆದ ಅಮ್ಮ, ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ನಿವೃತ್ತಳಾದವಳು, ಅಷ್ಟು ಬೇಗ ಬೆಚ್ಚಿಬೀಳುವ ಪೈಕಿಯಲ್ಲ.

"ಯಾರೇ ಇವಳು?"

"ಅತ್ತಿಗೆ ಅಮ್ಮಾ."

"ಆ ಅತ್ತಿಗೇನಾ? ಕಾಲೊರೆಸಿಕೊಂಡು ಬರೋಕೆ ಹೇಳು. ಈಗ ತಾನೇ ನೆಲ ಒರೆಸಿದ್ದೀನಿ." ಅಮ್ಮ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. "ನಿನ್ನ ಮಾವನಿಗೆ ಗೊತ್ತಾ?"

"ಇಲ್ಲ."

"ಇವತ್ತು ಭಾನುವಾರ. ಊಟಕ್ಕೆ ಅವನು ಎಲ್ಲಿಗೆ ಬರ್ತಾನೆ ಅನ್ನೋದಾದ್ರೂ ನಿನಗೆ ಗೊತ್ತಾ?"

ಕರೆಗಂಟೆ ಸದ್ದು ಮಾಡಿತು.

ಅತ್ತಿಗೆಯನ್ನು ಬಚ್ಚಲುಮನೆಗೆ ತಳ್ಳಿ ಚಿಲಕ ಹಾಕಿದರು. ದೋಣಿಯವನಿಗೆ ಅಡಗಲು ಜಾಗ ಸಿಗಲಿಲ್ಲ. ಊಟದ ಮೇಜಿಗೆ ಕುಳಿತು, ಕರೆದಿದ್ದಕ್ಕೆ ಬಂದವನಂತೆ ನಕ್ಕ. ಮಾವ ಒಳಬಂದು, ಹೆಗಲ ಚೀಲವನ್ನೂ ಬಂದೂಕನ್ನೂ ಇಳಿಸಿ, ದೋಣಿಯವನನ್ನು ಒಮ್ಮೆ ನೋಡಿದ.

"ನೀನೇನೋ ಇಲ್ಲಿ?"

"ಅಕ್ಕ ಊಟಕ್ಕೆ ಕರೆದ್ರು ಸಾರ್."

"ನನ್ನ ಅಕ್ಕ ನಿನಗೂ ಅಕ್ಕ ಯಾವಾಗ ಆದಳು?"

"ಮನುಷ್ಯರು ಸಂಬಂಧ ಬೆಳೆಸಬೇಕು ಕಣೋ," ಎಂದು ಅಮ್ಮ ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿ ತಟ್ಟೆ ಇಟ್ಟಳು.

ಊಟ ಶುರುವಾಯಿತು. ಎರಡು ತುತ್ತಾದ ಮೇಲೆ ಮಾವ ಎಡಗೈಯಲ್ಲಿ ಚೀಲದಿಂದ ರಿಸೀವರ್ ತೆಗೆದ. ಅಂಗೈಯಗಲದ ಪೆಟ್ಟಿಗೆ, ಮಡಿಚುವ ಆಂಟೆನಾ. ಹೊರಡುವ ಮೊದಲು ಪರೀಕ್ಷೆ ಮಾಡುವುದು ಅವನ ಪದ್ಧತಿ. ಗುಂಡಿ ಒತ್ತಿದ.

ಟಿಕ್, ಟಿಕ್, ಟಿಕ್, ಟಿಕ್ ಎಂದು ಅದು ಕಿರುಚಿಕೊಂಡಿತು. ಮುಳ್ಳು ಕೊನೆಗೆ ಹೋಗಿ ಬಡಿದು ಅಲ್ಲೇ ನಡುಗುತ್ತ ನಿಂತಿತು.

ಸೂಜಿಗೆ ಆಗ ನೆನಪಾಯಿತು. ಬ್ಯಾಟರಿಯ ನೆಪ ಹೇಳಿ ಮೇಕೆ ತಂದಿದ್ದಳು, ಪಟ್ಟಿಯನ್ನು ಬಿಚ್ಚಿರಲಿಲ್ಲ.

"ಕೆಟ್ಟಿದೆ," ಎಂದ ಮಾವ. "ಮೇಕೆ ದ್ವೀಪದಲ್ಲಿದೆ, ಇದು ನೋಡಿದ್ರೆ ಮಡಿಲಲ್ಲಿ ಕೂತಿದೆ ಅಂತಿದೆ."

"ಹಾಗಾದ್ರೆ ಆಫ್ ಮಾಡಿ ಊಟ ಮಾಡೋ," ಎಂದಳು ಅಮ್ಮ.

ಕೆಟ್ಟ ಯಂತ್ರವನ್ನು ಹಾಗೆಯೇ ಬಿಡುವ ಜಾಯಮಾನ ಅವನದಲ್ಲ. ಎದ್ದು, ಎಂಜಲುಗೈಯನ್ನು ಮೇಲೆತ್ತಿ ಹಿಡಿದು, ಬಾಲ್ಕನಿಗೆ ಹೋದ. ಸದ್ದು ಕುಗ್ಗಿತು. ಅಡುಗೆಮನೆಗೆ ಬಂದ. ಏರಿತು. ಹಾಸಿಗೆ ಕೋಣೆಯ ಬಾಗಿಲಲ್ಲಿ ಮತ್ತೆ ಇಳಿಯಿತು. ಮಾವನ ನಡಿಗೆ ಬದಲಾಯಿತು; ಗುಡ್ಡದ ಮೇಲೆ ನಡೆಯುವಂತೆ ಮೊಣಕಾಲು ಬಗ್ಗಿಸಿ, ಸದ್ದಿಲ್ಲದೆ, ಸೋಫಾ ಬಳಸಿ, ಟೀವಿ ದಾಟಿ, ಬಚ್ಚಲುಮನೆಯ ಮುಂದೆ ಬಂದು ನಿಂತ. ಒಳಗೆ ಬಕೆಟ್ ಉರುಳಿತು.

"ಒಳಗೆ ಯಾರು?"

"ನಲ್ಲಿ ರಿಪೇರಿಯವನು," ಎಂದಳು ಅಮ್ಮ.

"ಭಾನುವಾರಾನಾ?"

"ಅವನಿಗೆ ಬೇರೆ ದಿನ ಪುರುಸೊತ್ತಿಲ್ಲ."

"ಮ್ಯಾ," ಎಂದಿತು ಒಳಗಿನಿಂದ.

ದೋಣಿಯವನಿಗೆ ಏನಾದರೂ ಹೇಳಲೇಬೇಕು ಅನ್ನಿಸಿತು.

"ಪಾಪ, ಅವನಿಗೆ ಗಂಟಲು ಕೆಟ್ಟಿದೆ ಸಾರ್."

ಮಾವ ಚಿಲಕ ತೆಗೆದ. ಅತ್ತಿಗೆ ವಾಷಿಂಗ್ ಮೆಷಿನ್ನಿನ ಮೇಲೆ ನಿಂತಿತ್ತು. ಅಮ್ಮನ ಟವೆಲ್ಲಿನ ಅರ್ಧ ಹೊರಗಿತ್ತು, ಅರ್ಧ ಕಾಣಿಸುತ್ತಿರಲಿಲ್ಲ.

"ಸೂಜೀ," ಎಂದ ಮಾವ, ತಿರುಗದೆ.

"ಕೊಡಲ್ಲ ಮಾವ."

"ನಾನಿನ್ನೂ ಕೇಳೇ ಇಲ್ಲ."

"ಕೇಳೋದೂ ಬೇಡ. ನಮಗೋಸ್ಕರ ಎರಡು ವರ್ಷ ದುಡಿದಿದ್ದಾರೆ. ಕೆಲಸ ಮುಗೀತು ಅಂತ ಗುಂಡು ಹೊಡೆಯೋದು ಯಾವ ಸೀಮೆ ನ್ಯಾಯ?"

"ನಾನೂ ದುಡಿದಿದ್ದೀನಿ." ಮಾವ ಈಗ ತಿರುಗಿದ. ಎಂಜಲುಗೈ ಇನ್ನೂ ಮೇಲೆಯೇ ಇತ್ತು, ಭಾಷಣಕಾರನಂತೆ ಕಂಡ. "ನೋಡು, ಇದೊಂದನ್ನ ಕೊಲ್ಲೋದು ತಪ್ಪು ಅಂದ್ರೆ ಆ ನಾನೂರೂ ತಪ್ಪು. ಅವು ಸರಿ ಅಂದ್ರೆ ಇದೂ ಸರಿ. ಇವರಿಗೆ ಹೆಸರಿದೆ, ಇವರು ಬಿಸ್ಕತ್ತು ತಿಂತಾರೆ ಅಂತ ಬೇರೆ ನ್ಯಾಯ ಮಾಡಿದ್ರೆ, ಅಲ್ಲಿಗೆ ನೀವೆಲ್ಲ ದಯಾವಂತರು, ನಾನೊಬ್ಬ ಕಟುಕ. ಹೌದೋ ಅಲ್ವೋ ಹೇಳು."

ಇಲ್ಲ ಮಾವ, ಹಾಗಲ್ಲ ಎನ್ನಬೇಕೆಂದು ಸೂಜಿ ಬಾಯಿ ತೆರೆದಳು. ಆದರೆ ಮಾವ ಹೇಳಿದಂತೆಯೇ ಇತ್ತು.

"ಮೊದಲು ಕೈ ತೊಳ್ಕೋ," ಎಂದಳು ಅಮ್ಮ. "ಅವಳನ್ನ ಕೆಳಗಿಳಿಸಿ. ಆ ಮೆಷಿನ್ನಿಗೆ ವಾರಂಟಿ ಮುಗಿದಿದೆ."

"ಎಷ್ಟು ದಪ್ಪ ಆಗಿದ್ದಾರೆ ನೋಡು," ಎಂದು ಮಾವ ಗೊಣಗಿದ. "ಸಾಯೋಕೆ ಮುಂಚೆ ಚೆನ್ನಾಗೇ ತಿನ್ನಿಸಿದ್ದೀಯ."

"ದ್ವೀಪದ ಸೊಪ್ಪೆಲ್ಲ ಒಬ್ಬರಿಗೇ ಸಿಕ್ಕರೆ ದಪ್ಪ ಆಗಲ್ವಾ?" ಎನ್ನುತ್ತ ಸೂಜಿ ಅತ್ತಿಗೆಯ ಹೊಟ್ಟೆಯ ಸುತ್ತ ಕೈ ಹಾಕಿ ಎತ್ತಿದಳು. ಎತ್ತಿದವಳು ಅಲ್ಲೇ ನಿಂತಳು. ಬಲಗೈಯ ಅಂಗೈಗೆ ಒಳಗಿನಿಂದ ಯಾರೋ ಒದ್ದರು.

ಮತ್ತೊಮ್ಮೆ ಒದ್ದರು.

"ಮಾವ," ಎಂದಳು. "ಕೊನೇ ಹೋತ ಹೊಡೆದಿದ್ದು ಯಾವಾಗ?"

"ಮಳೆಗೆ ಮುಂಚೆ. ನಿನಗೂ ಗೊತ್ತಲ್ಲ."

"ಮೇಕೆಗೆ ಬಸಿರು ಐದೇ ತಿಂಗಳು."

ಮಾವನಿಗೆ ಅರ್ಥವಾಗಲು ಬೇಕಾದಷ್ಟು ಹೊತ್ತು ರಿಸೀವರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಆಮೇಲೆ ಅವನು ಉರುಳಿಬಿದ್ದಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತ.

"ಇಲ್ಲ," ಎಂದ. "ದ್ವೀಪದಲ್ಲಿ ಒಂದೂ ಗಂಡಿಲ್ಲ."

"ಗಾಳಿಗೆ ಬಸಿರಾಗಲ್ಲ ಕಣೋ," ಎಂದಳು ಅಮ್ಮ. "ವಾರ್ಡಿನಲ್ಲಿ ಹಾಗೆ ಹೇಳಿದೋರನ್ನ ಬೇಕಾದಷ್ಟು ನೋಡಿದ್ದೀನಿ."

"ಮತ್ತೆ ಆ ಬಸಿರಾಗದ ಇಂಜೆಕ್ಷನ್ನು? ಕೊಡ್ತಿದ್ದೆಯಲ್ಲ ನೀನು?"

ಸೂಜಿ ಅತ್ತಿಗೆಯನ್ನು ನೆಲಕ್ಕಿಳಿಸಿದಳು. "ಅವಧಿ ಮುಗಿದಾಗ ಮತ್ತೆ ಕೊಡಲಿಲ್ಲ. ಗಂಡೇ ಉಳಿದಿಲ್ಲ, ಇನ್ಯಾಕೆ ಸುಮ್ಮನೆ ಚುಚ್ಚೋದು ಅಂತ..."

"ಅಂತ ಯಾರು ಹೇಳಿದ್ರು?"

"ನೀನೇ ಮಾವ."

ಮಾವ ಬಕೆಟ್ಟಿನ ಮೇಲೆ ಇನ್ನಷ್ಟು ಕುಗ್ಗಿದ. ದೋಣಿಯವ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಹಾಗಾದ್ರೆ ಮಧ್ಯಾಹ್ನ ಮಧ್ಯಾಹ್ನ ಸಿಗ್ನಲ್ ಕಾಣೆಯಾಗ್ತಿತ್ತಲ್ಲ ಸಾರ್? ನಾವು ಬ್ಯಾಟರಿ ಅಂದ್ಕೊಂಡ್ವಿ. ಪಡುವಣದ ಬಂಡೆ ಹಿಂದೆ ಇಳಿದ್ರೂ ಸಿಗ್ನಲ್ ಸಿಗಲ್ಲ ಅಲ್ವಾ?"

"ಬ್ಯಾಟರಿಯಲ್ಲ, ಗಂಡನ ಮನೆ," ಎಂದು ಅಮ್ಮ ನಕ್ಕಳು. ಸೂಜಿಗೂ ನಗು ಬಂತು. ತಡೆಯಲು ಹೋದಷ್ಟೂ ಹೆಚ್ಚಾಯಿತು. ದೋಣಿಯವ ಗೋಡೆಗೆ ಒರಗಿ ನಕ್ಕ. ಆರು ತಿಂಗಳಿಂದ ಸೊನ್ನೆ, ಸೊನ್ನೆ ಎಂದು ವೈರ್‌ಲೆಸ್ಸಿನಲ್ಲಿ ಘೋಷಿಸಿದ್ದ ಮಾವ ಮಾತ್ರ ಅತ್ತಿಗೆಯನ್ನೇ ನೋಡುತ್ತಿದ್ದ. ಅತ್ತಿಗೆ ಅವನ ಅಂಗಿಯ ಗುಂಡಿ ಪರೀಕ್ಷಿಸುತ್ತಿತ್ತು.

"ಅವನನ್ನ ಹುಡುಕೋಕೆ ಇವರೊಬ್ಬರಿಂದಲೇ ಆಗೋದು," ಎಂದ ಕೊನೆಗೆ. "ನಡೀರಿ, ದೋಣಿಗೆ."

"ಇವರನ್ನ ಮುಟ್ಟಲ್ಲ ಅಂತ ಮಾತು ಕೊಡು."

"ಮೊದಲು ಅವನು ಸಿಗಲಿ."

"ಮಾತು ಕೊಡು ಮಾವ."

"ಕೊಡಲ್ಲ. ಕೊಟ್ಟರೆ ಉಳಿಸ್ಕೋಬೇಕಾಗುತ್ತೆ."

ಅಮ್ಮ ಆಗಲೇ ಚಪ್ಪಲಿ ಹಾಕಿಕೊಂಡು, ಬಿಸ್ಕತ್ತಿನ ಡಬ್ಬಿ, ಫ್ಲಾಸ್ಕು, ಒಂದು ಹಳೆಯ ಬೆಡ್‌ಶೀಟನ್ನು ಚೀಲಕ್ಕೆ ತುಂಬಿಕೊಂಡಿದ್ದಳು. "ತುಂಬಿದ ಬಸುರಿಯನ್ನ ಗಂಡಸರ ಕೈಗೆ ಕೊಟ್ಟು ಕಳಿಸೋಳಲ್ಲ ನಾನು," ಎಂದಳು.

ಕೆಳಗಿಳಿಯುವಾಗ ಕಾರ್ಯದರ್ಶಿ ಮತ್ತೆ ಸಿಕ್ಕರು. ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಕುಂಚವಿತ್ತು. ಫಲಕಕ್ಕೆ ಒಂದು ಸಾಲು ಸೇರಿಸಲು ಬಂದವರಂತಿತ್ತು. "ಇಷ್ಟು ಬೇಗ ಹೊರಟುಬಿಟ್ರಾ?" ಎಂದು ಕೇಳಿದರು, ತುಸು ನಿರಾಶೆಯಿಂದಲೇ.

ದ್ವೀಪ ತಲುಪಿದಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಅಮ್ಮ ಮತ್ತು ದೋಣಿಯವ ದೋಣಿಯಲ್ಲೇ ಉಳಿದರು. ಎರಡು ವರ್ಷದ ಹಿಂದೆ ಬೋಳು ಮಣ್ಣಾಗಿದ್ದ ಇಳಿಜಾರಿನಲ್ಲಿ ಈಗ ಮೊಣಕಾಲೆತ್ತರದ ಪೊದೆಗಳು. ಅವುಗಳ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮುಷ್ಟಿಗಾತ್ರದ ಬಿಲದ ಬಾಯಿ. ಕಾಲಿಟ್ಟರೆ ಕುಸಿಯುವ ಮಣ್ಣು. ಮಾವ, ಸೂಜಿ ಇಬ್ಬರೂ ಅಭ್ಯಾಸಬಲದಿಂದ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕಿದರು. ಅತ್ತಿಗೆ ತುಂಬಿದ ಹೊಟ್ಟೆ ತೂಗಾಡಿಸುತ್ತ ಮುಂದೆ ಹೋಯಿತು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ, ಒಂದು ಎಲೆಯನ್ನೂ ಮುಟ್ಟಲಿಲ್ಲ.

"ನೋಡು, ತವರಿನಿಂದ ಬಂದವರ ನಡಿಗೆ," ಎಂದು ಮಾವ ಪಿಸುಗುಟ್ಟಿದ. ಅವನಿಗೂ ಉತ್ಸಾಹ ಹತ್ತಿತ್ತು.

ನೆತ್ತಿ ದಾಟಿ ಪಡುವಣದ ಬದಿಗೆ ಬಂದಾಗ ರಿಸೀವರ್ ಒಮ್ಮೆಲೇ ಮೂಕವಾಯಿತು. ಇಬ್ಬರೂ ಬಂಡೆಯಂಚಿನಲ್ಲಿ ಬೋರಲು ಮಲಗಿ ಕೆಳಗೆ ನೋಡಿದರು. ಕಡಲಿಗೆ ಮುಖ ಮಾಡಿದ ಒಂದು ಕಲ್ಲಿನ ಚಾಚು. ನೆತ್ತಿಯಿಂದ ನೋಡಿದರೆ ಬಂಡೆ ಮರೆ, ದೋಣಿಯಿಂದ ಇನ್ನೊಂದು ಬಂಡೆ ಮರೆ. ಅತ್ತಿಗೆ ಅಲ್ಲಿಗಿಳಿದು ಒಮ್ಮೆ ಕರೆಯಿತು. ಸಂದಿಯೊಳಗಿನಿಂದ ಹೋತ ಹೊರಬಂತು.

ಒಂದೂವರೆ ಕೊಂಬು, ಎದೆಯುದ್ದದ ಗಡ್ಡ, ಎಷ್ಟೋ ಮಳೆ ಕಂಡ ಕೊಳಕು ಕಂದು ಮೈ. ಅಲ್ಲಿಂದಲೇ ವಾಸನೆ ಬಡಿಯಿತು.

"ಇವರೇ ಏನು ನಮ್ಮ ಅಣ್ಣ?" ಎಂದ ಮಾವ. ಬಂದೂಕನ್ನು ಹೆಗಲಿಗೆ ತಂದ.

ಅತ್ತಿಗೆ ಮುಂದೆ, ಅಣ್ಣ ಹಿಂದೆ, ಎರಡೂ ಚಾಚಿನಿಂದ ಮೇಲಿನ ಇಳಿಜಾರಿಗೆ ಹತ್ತಿದವು. ಹೋತದ ಹಿಂಗಾಲು ಮಣ್ಣಿನಲ್ಲಿ ಒಮ್ಮೆಲೇ ಹೂತಿತು. ಅದು ಕಾಲು ಕಿತ್ತುಕೊಂಡು ಏನೂ ಆಗದಂತೆ ಮುಂದೆ ಹೋಯಿತು. ಅಲ್ಲಿ ಒಂದು ಬಿಲವಿತ್ತು ಎಂಬುದು ಈಗ ಮೇಲೆದ್ದ ಧೂಳಿನಿಂದ ಮಾತ್ರ ಗೊತ್ತಾಗುತ್ತಿತ್ತು. ಮೊಟ್ಟೆಯ ಕಾಲ ಅದು. ಸೂಜಿಗೆ ಅದು ತಿಳಿದಿತ್ತು.

"ಮಂಪರು ಮದ್ದು ಹೊಡೆದ್ರೆ?" ಎಂದು ಮಾವನೇ ಕೇಳಿದ.

"ಮದ್ದು ಹತ್ತೋಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಓಡುತ್ತೆ. ಈ ಬಂಡೆಯಿಂದ ಕೆಳಗೆ ಬಿದ್ದು ಸಾಯುತ್ತೆ."

"ಬಲೆ?"

"ಇಲ್ಲ."

"ಬಿಟ್ಟು ಹೋದ್ರೆ?"

ಅವಳು ಧೂಳಿನ ಕಡೆ ನೋಡಿದಳು.

"ಹಾಗಾದ್ರೆ ನೀನು ಹೇಳು," ಎಂದ ಮಾವ. ಕಣ್ಣು ಬಂದೂಕಿನ ಮೇಲೆಯೇ ಇತ್ತು, ದನಿ ಮಾತ್ರ ಇಳಿದಿತ್ತು. "ನಾನೂರು ಸಲ ಇಲ್ಲಿ ನಾನೊಬ್ಬನೇ ಮಲಗಿ ತೀರ್ಮಾನ ಮಾಡಿದ್ದೀನಿ. ನೀವು ಆಫೀಸಿನಲ್ಲಿ ಸಂಖ್ಯೆ ಬರ್ಕೊಂಡ್ರಿ. ಇವತ್ತು ಪಕ್ಕದಲ್ಲಿದ್ದೀಯ. ಹೊಡಿ ಅನ್ನು, ಹೊಡೀತೀನಿ. ಬೇಡ ಅನ್ನು, ಹೊಡೆಯಲ್ಲ. ಆದರೆ ಬಾಯಿಬಿಟ್ಟು ಹೇಳಬೇಕು."

ಹೋತ ಅತ್ತಿಗೆಯ ಕತ್ತಿಗೆ ಕತ್ತು ಉಜ್ಜುತ್ತಿತ್ತು. ಅದರ ಮುಂದಿನ ಕಾಲಿನಿಂದ ಎರಡು ಗೇಣು ದೂರದಲ್ಲಿ ಇನ್ನೊಂದು ಬಿಲದ ಬಾಯಿ.

ಸೂಜಿ ಕಣ್ಣು ಮುಚ್ಚಿಕೊಂಡಳು.

"ಹೊಡಿ ಮಾವ," ಎಂದಳು.

ಗುಂಡಿನ ಸದ್ದು ಕೇಳಿಸಲಿಲ್ಲ. ಕೇಳಿಸಿದ್ದು ತಗಡಿನ ಸದ್ದು. ಗುಡ್ಡದ ಆಚೆ, ದೋಣಿಯಲ್ಲಿ, ದೋಣಿಯವನಿಗೆ ಹಸಿವಾಗಿ ಅಮ್ಮ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕೀಳಲು ನೋಡಿದ್ದಳು. ಅದು ಬರದಿದ್ದಾಗ ಡಬ್ಬಿಯನ್ನು ದೋಣಿಯಂಚಿಗೆ ಬಡಿದಿದ್ದಳು. ಗಾಳಿ ಈ ಕಡೆಗೇ ಬೀಸುತ್ತಿತ್ತು.

ಸೂಜಿ ಕಣ್ಣು ತೆರೆದಾಗ ಇಳಿಜಾರು ಖಾಲಿ. ನೆತ್ತಿಯ ಮೇಲೆ ಅತ್ತಿಗೆಯ ಹಿಂಭಾಗ ಕಾಣಿಸಿ ಮರೆಯಾಯಿತು. ಅದರ ಹಿಂದೆಯೇ, ಎರಡು ವರ್ಷ ಮನುಷ್ಯರಿಂದ ತಪ್ಪಿಸಿಕೊಂಡು ಬದುಕಿದ್ದ ಅಣ್ಣ, ಗಡ್ಡ ಗಾಳಿಗೆ ಹಾರಿಸುತ್ತ ಓಡುತ್ತಿತ್ತು. ಮಾವ ಬಂದೂಕು ಕೆಳಗಿಟ್ಟು ಕನ್ನಡಕ ಒರೆಸುತ್ತಿದ್ದ.

"ಯಾಕೆ ಹೊಡೀಲಿಲ್ಲ?"

"ಗಾಜಿಗೆ ಧೂಳು ಕೂತಿತ್ತು."

"ನಾನು ಹೇಳಿದೆ ಮಾವ."

"ಕೇಳಿಸ್ತು." ಕನ್ನಡಕ ಹಾಕಿಕೊಂಡ. "ಈಗ ಎದ್ದೇಳು, ಓಡು! ನಿಮ್ಮಮ್ಮ ಅವನಿಗೂ ಬಿಸ್ಕತ್ತು ಕೊಟ್ಟಾಳು!"

ಇಬ್ಬರೂ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತ ಓಡಿದರು. ದಡಕ್ಕೆ ಬಂದಾಗ ಅತ್ತಿಗೆ ದೋಣಿಯೊಳಗೆ ಡಬ್ಬಿಗೆ ಮೂತಿ ತೂರಿಸಿ ನಿಂತಿತ್ತು. ಹೋತ ದಡದ ಬಂಡೆಯ ಮೇಲೆ, ಮುಂದೆ ಬರಲು ಧೈರ್ಯವಿಲ್ಲದೆ, ಹಿಂದೆ ಹೋಗಲು ಮನಸ್ಸಿಲ್ಲದೆ, ಕುಣಿಯುತ್ತಿತ್ತು. ದೋಣಿಯವ ಹುಟ್ಟು ಹಿಡಿದು ಹೆದರಿ ನಿಂತಿದ್ದ.

"ದೋಣಿ ಬಿಡೋ!" ಎಂದು ಮಾವ ಕೂಗಿದ. ಸುತ್ತಿ ಬಳಸಿ ನೀರಿಗಿಳಿದು ಇಬ್ಬರೂ ದೋಣಿಗೆ ಬಿದ್ದರು. "ಬಿಡು, ಬೇಗ ಬಿಡು!"

"ಅವನನ್ನ ಬಿಟ್ಟಾ ಸಾರ್?"

"ಅವನನ್ನ ಬಿಟ್ಟರೇನೇ ಅವನು ಬರೋದು!"

ಮೋಟಾರು ಗುರುಗುಟ್ಟಿತು. ದೋಣಿ ದಡ ಬಿಟ್ಟಿತು. ಅತ್ತಿಗೆ ತಲೆಯೆತ್ತಿ ದಡದ ಕಡೆ ನೋಡಿ, ಬಾಯಿ ತುಂಬ ಬಿಸ್ಕತ್ತಿಟ್ಟುಕೊಂಡೇ, ಉದ್ದಕ್ಕೆ ಕರೆಯಿತು. ಹೋತ ಬಂಡೆಯ ತುದಿಗೆ ಓಡಿತು, ಹಿಂದಕ್ಕೆ ಬಂತು, ಮತ್ತೆ ತುದಿಗೆ ಓಡಿ ನಾಲ್ಕೂ ಕಾಲು ಚಾಚಿ ಕಡಲಿಗೆ ಹಾರಿತು.

"ಅಯ್ಯೋ, ಮೇಕೆ ಈಜುತ್ತಾ?" ಎಂದಳು ಅಮ್ಮ.

"ಹೆಂಡತಿ ಹೊರಟರೆ ಯಾರಾದ್ರೂ ಈಜ್ತಾರೆ," ಎಂದ ದೋಣಿಯವ.

ಒಂದೂವರೆ ಕೊಂಬು ಅಲೆಯ ಮೇಲೆ ತೇಲುತ್ತ ಹತ್ತಿರ ಬಂತು. ಮಾವ ಅಂಚಿನಿಂದ ಬಾಗಿ ಇಡೀ ಕೊಂಬನ್ನು ಹಿಡಿಯಲು ಹೋಗಿ ಅರ್ಧ ಕೊಂಬನ್ನು ಹಿಡಿದ. ಅದು ಜಾರಿತು. ಅವನೂ ಜಾರಿದ. ಕನ್ನಡಕ ಸಮೇತ ತಲೆಕೆಳಗಾಗಿ ನೀರು ಸೇರಿದವನು ಮೇಲೆ ಬಂದಾಗ ಹೋತದ ಕೊರಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ.

"ಬಿಡಬೇಡ್ವೋ!" ಎಂದು ಅಮ್ಮ ಇಡೀ ವಾರ್ಡಿಗೆ ಕೇಳುವಂತೆ ಕಿರುಚಿದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ, ಇಬ್ಬರೂ ಬಿಡಲಿಲ್ಲ. ಹೋತ ಮಾವನನ್ನು ಎಳೆದುಕೊಂಡೇ ದೋಣಿಯವರೆಗೆ ಈಜಿತು. ಸೂಜಿ ಒಂದು ಕಡೆ, ದೋಣಿಯವ ಒಂದು ಕಡೆ ಹಿಡಿದು, ಮೊದಲು ಅಣ್ಣನನ್ನೂ ಆಮೇಲೆ ಮಾವನನ್ನೂ ಒಳಗೆ ಉರುಳಿಸಿಕೊಂಡರು. ಕಾಲು ಕಟ್ಟಿಸಿಕೊಂಡ ಅಣ್ಣ ಸೀನಿತು. ಮಾವನೂ ಸೀನಿದ. ಬೆಡ್‌ಶೀಟ್ ಒಂದೇ ಇತ್ತು; ಅಮ್ಮ ಇಬ್ಬರಿಗೂ ಸೇರಿಸಿ ಹೊದಿಸಿದಳು.

ದೋಣಿ ಊರಿನ ಕಡೆ ತಿರುಗಿದ ಮೇಲೆ, ನಗು ಸುಸ್ತಾದ ಮೇಲೆ, ಸೂಜಿ ಮೆಲ್ಲಗೆ ಕೇಳಿದಳು:

"ಈಗ ನಿನ್ನ ನ್ಯಾಯ ಏನಾಯ್ತು ಮಾವ? ಒಂದನ್ನ ಉಳಿಸಿದ್ರೆ ನಾನೂರೂ ತಪ್ಪು ಅಂದಿದ್ದೆ."

"ಮೇಕೆ ಸಾಯಲಿ ಅಂತ ನಾನು ಯಾವತ್ತೂ ಇಲ್ಲಿಗೆ ಬಂದೋನಲ್ಲ. ದ್ವೀಪದಲ್ಲಿ ಇರಬಾರದು ಅಂತ ಬಂದೆ. ಎರಡನ್ನ ದೋಣಿಗೆ ಹಾಕ್ಕೋಬಹುದು. ನಾನೂರನ್ನ ಹೇಗೆ ಹಾಕೋದು?" ಮೂಗು ಒರೆಸಿಕೊಂಡ. "ಒಂದಷ್ಟನ್ನ ಹಾಕ್ಕೋಬಹುದಿತ್ತೇನೋ. ಗೊತ್ತಿಲ್ಲ."

"ಆ ಮಾತನ್ನ ನಾನೂ ಯೋಚಿಸಬೇಕಿತ್ತು," ಎಂದಳು ಸೂಜಿ.

"ಹೌದು. ಯೋಚಿಸು." ಬೈಗುಳದ ದನಿಯಿರಲಿಲ್ಲ, ಹೊರೆಯ ಇನ್ನೊಂದು ತುದಿ ಹಿಡಿ ಎಂದಂತಿತ್ತು. "ನಾಳೆ ಅಧಿಕಾರಿಗೆ ಹೇಳ್ತೀನಿ, ಸೊನ್ನೆ ಅಂತ ಈಗಲೇ ಒಪ್ಪಿಗೆ ಕೊಡಬೇಡಿ, ಇನ್ನೊಂದು ವರ್ಷ ಕಾದು ನೋಡಿ ಅಂತ. ಒಂದು ಸಲ ತಪ್ಪಿದ್ದೀನಿ. ಇವರಿಬ್ಬರೂ ನನ್ನ ಹಿತ್ತಲಲ್ಲಿರಲಿ."

"ನನ್ನ ಟವೆಲ್ಲು?" ಎಂದಳು ಅಮ್ಮ.

"ಹೊರಗೆ ಬಂದಾಗ ತಂದುಕೊಡ್ತೀನಿ ಅಕ್ಕಾ."

ಹೊತ್ತು ಮುಳುಗುವುದರಲ್ಲಿತ್ತು. ದೋಣಿಯವ ಒಮ್ಮೆಲೇ ಮೋಟಾರು ನಿಲ್ಲಿಸಿದ. ಮುಂದೆ ನೀರಿನ ಮೇಲೆ ಕಪ್ಪು ಚುಕ್ಕೆಗಳ ಒಂದು ದೊಡ್ಡ ಚಾಪೆ ತೇಲುತ್ತಿತ್ತು. ಬಿಲಹಕ್ಕಿಗಳು. ಹಗಲೆಲ್ಲ ದೂರದ ಕಡಲಿನಲ್ಲಿದ್ದು, ಬಿಲಕ್ಕೆ ಮರಳಲು ಕತ್ತಲಾಗುವುದನ್ನೇ ಕಾಯುತ್ತ, ಈ ಹೊತ್ತಿಗೆ ಹೀಗೆ ಗುಂಪಾಗಿ ನೀರಿನ ಮೇಲೆ ಕೂರುತ್ತವೆ. ಕೊಲ್ಲುವ ತಂಡ ಬಿಸಿಲಿರುವಾಗಲೇ ದ್ವೀಪ ಬಿಡುತ್ತಿತ್ತು. ಎರಡು ವರ್ಷದಲ್ಲಿ ಮಾವ ಅವುಗಳ ಬಿಲ ನೋಡಿದ್ದ, ಗರಿ ನೋಡಿದ್ದ, ಒಡೆದ ಮೊಟ್ಟೆಯ ಚಿಪ್ಪು ನೋಡಿದ್ದ. ಹಕ್ಕಿಯನ್ನು ನೋಡಿರಲಿಲ್ಲ.

ಅವನು ಬೆಡ್‌ಶೀಟ್ ಸಮೇತ ಎದ್ದು ನಿಂತ. ಹನಿ ತೊಟ್ಟಿಕ್ಕುವ ಕನ್ನಡಕದೊಳಗಿನಿಂದ ಕಣ್ಣು ಕಿರಿದು ಮಾಡಿದ.

"ಇದೇನಾ?"

"ಇದೇ ಮಾವ."

"ಇಷ್ಟು ಚಿಕ್ಕದಾ?"

"ಇಷ್ಟೇ."

ಒಂದು ಹಕ್ಕಿ ನೀರಿನ ಮೇಲೆ ಕಾಲಿನಿಂದ ಪಟಪಟನೆ ಓಡಿ, ಏಳಲಾರದೆ ಮುಗ್ಗರಿಸಿ, ಮತ್ತೆ ಓಡಿ ಎದ್ದಿತು. ಅದನ್ನು ನೋಡಿ ಪಕ್ಕದ್ದೂ ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಚಾಪೆಗೆ ಚಾಪೆಯೇ ಎದ್ದು ದೋಣಿಯ ಸುತ್ತ ಗಿರಗಿರನೆ ಸುತ್ತತೊಡಗಿತು, ರೆಕ್ಕೆಗಳು ತಲೆ ಸವರುವಷ್ಟು ಹತ್ತಿರದಲ್ಲಿ. ಅತ್ತಿಗೆ ಬೆರಗಾಗಿ ಅಗಿಯುವುದನ್ನು ನಿಲ್ಲಿಸಿತು. ಮಾವ ತಲೆಯೆತ್ತಿ, ಬಾಯಿ ತೆರೆದು, ತಾನೂ ಅವುಗಳ ಜೊತೆ ನಿಂತಲ್ಲೇ ಸುತ್ತುತ್ತ ನಗತೊಡಗಿದ.

"ಕೂತ್ಕೊಳ್ಳೋ, ದೋಣಿ ಮಗುಚುತ್ತೆ!" ಎಂದು ಅಮ್ಮ ಅವನ ಬೆಡ್‌ಶೀಟಿನ ತುದಿ ಹಿಡಿದು ಎಳೆದಳು. ಅವನು ಕೂರಲಿಲ್ಲ.